ಫ್ಲೂ ಲಸಿಕೆ: ಮನೆಯಲ್ಲಿ ಮೊದಲು ಯಾರಿಗೆ?

ತುಳುನಾಡಿನ ಆಟಗಳಿಗೆ ತೆರೆ ಬೀಳುವ ದಿನ, ಮೇ ಕೊನೆಯ ಪತ್ತನಾಜೆ ಮುಗಿಯಿತು. ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಿದರು. ಇನ್ನು ನಮ್ಮ ಕಡೆ ಮಳೆಯದ್ದೇ ಕಾರುಬಾರು. ಉಡುಪಿಯ ನನ್ನ ಕ್ಲಿನಿಕ್ಕಿನಲ್ಲಿ ಜೂನ್ ಮಧ್ಯದಿಂದ ಬೆಂಚು ಖಾಲಿ ಇರುವುದಿಲ್ಲ. ಒದ್ದೆ ಕೊಡೆ ಇಡಲು ಬಾಗಿಲ ಹತ್ತಿರ ಒಂದು ಪ್ಲಾಸ್ಟಿಕ್ ಬಕೆಟ್ ಇಟ್ಟಿದ್ದೇವೆ. ಬೆಳಿಗ್ಗೆ ಹತ್ತು ಗಂಟೆಗೇ ಅದು ತುಂಬಿರುತ್ತದೆ. ಅದರ ಪಕ್ಕದಲ್ಲೇ ಕೆಮ್ಮುವವರ ಸಾಲು.

ಫ್ಲೂ ಲಸಿಕೆಯ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಸಂಪಾದಕರು ಕೇಳಿದ್ದರು. ಬಂದ ಪತ್ರಗಳಲ್ಲಿ ಹೆಚ್ಚಿನವರು ಕೇಳಿದ್ದು ಒಂದೇ: "ನನಗೆ ಬೇಕಾ?" ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇನೆ. ಹೆಸರು ಹಾಕಿಲ್ಲ.

ಪ್ರಶ್ನೆ: ನಮ್ಮದು ಬ್ರಹ್ಮಾವರದ ಹತ್ತಿರ. ಮಾವನಿಗೆ 74, ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ. ಅತ್ತೆಗೆ 68, ಶುಗರ್ ಇದೆ. ನಾನು ಆರು ತಿಂಗಳ ಬಸುರಿ. ಮಗನಿಗೆ 3 ವರ್ಷ. ಗಂಡನಿಗೆ 36, ಅವರಿಗೆ ಶೀತ ಆಗುವುದೂ ಕಡಿಮೆ. ಒಂದು ಡೋಸಿಗೆ 1,800 ರೂಪಾಯಿ ಅಂದರು. ಎಲ್ಲರಿಗೂ ಒಟ್ಟಿಗೆ ಹಾಕಿಸುವಷ್ಟು ದುಡ್ಡಿಲ್ಲ. ಮೊದಲು ಯಾರಿಗೆ ಹಾಕಿಸಲಿ?

ಉತ್ತರ: ನಿಮ್ಮ ಪತ್ರ ನೋಡಿ ನನಗೆ ಖುಷಿಯೂ ಆಯಿತು, ತಲೆಬಿಸಿಯೂ ಆಯಿತು. ಯಾಕೆಂದರೆ ವಿಶ್ವ ಆರೋಗ್ಯ ಸಂಸ್ಥೆ ಯಾರಿಗೆ ಮೊದಲು ಕೊಡಿ ಎಂದು ಹೇಳುತ್ತದೋ ಅವರಲ್ಲಿ ಹೆಚ್ಚಿನವರು ನಿಮ್ಮ ಒಂದೇ ಮನೆಯಲ್ಲಿದ್ದಾರೆ. ಬಸುರಿಯರು, ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳು, ವಯಸ್ಸಾದವರು, ಹೃದಯ, ಶುಗರ್, ಶ್ವಾಸಕೋಶ, ಕಿಡ್ನಿಯ ತೊಂದರೆ ಇರುವವರು, ಆಸ್ಪತ್ರೆಯಲ್ಲಿ ಕೆಲಸ ಮಾಡುವವರು. ಕೊನೆಯದೊಂದು ಬಿಟ್ಟರೆ ಉಳಿದದ್ದೆಲ್ಲ ನಿಮ್ಮಲ್ಲಿದೆ.

ದುಡ್ಡಿನ ಮಾತು ನಾಚಿಕೆ ಬಿಟ್ಟು ಕೇಳಿದ್ದು ಒಳ್ಳೆಯದಾಯಿತು. ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿ ಫ್ಲೂ ಲಸಿಕೆ ಇಲ್ಲ. ಹಾಗಾಗಿ ಮಗುವಿಗೆ ಪಿಎಚ್‌ಸಿಯಲ್ಲಿ ಪುಕ್ಕಟೆ ಕೊಡುವ ಸೂಜಿಗಳ ಜತೆ ಇದು ಬರುವುದಿಲ್ಲ. ಕೈಯಿಂದ ಹಾಕಬೇಕು, ಅದೂ ಪ್ರತಿ ವರ್ಷ. ಆಗ ಸಾಲು ಹಿಡಿಯಲೇಬೇಕಾಗುತ್ತದೆ. ಜ್ವರ ಯಾರಿಗೆ ಬೇಗ ತಗಲುತ್ತದೆ ಎಂದು ನೋಡಿ ಸಾಲು ಹಿಡಿಯಬೇಡಿ. ತಗಲಿದರೆ ಯಾರ ಮೈ ತಡೆಯುವುದಿಲ್ಲ ಎಂದು ನೋಡಿ.

ನನ್ನ ಲೆಕ್ಕದಲ್ಲಿ ಮೊದಲು ನೀವು. ಅತ್ತೆ ಮಾವ ಇರುವ ಮನೆಯಲ್ಲಿ ಸೊಸೆ ತನ್ನ ಹೆಸರು ಮೊದಲು ಹೇಳುವುದು ಕಷ್ಟ ಅಂತ ಗೊತ್ತು. ಈ ಉತ್ತರವನ್ನೇ ಅವರಿಗೆ ಓದಿ ಹೇಳಿ. ಬಸುರಿನಲ್ಲಿ ಫ್ಲೂ ಬಂದರೆ ಅದು ಎದೆಗೆ ಇಳಿಯುವ ಭಯ ಬೇರೆಯವರಿಗಿಂತ ಜಾಸ್ತಿ. ಇನ್ನೊಂದು ಕಾರಣವೂ ಇದೆ. ನಿಮಗೆ ಈಗ ಆರು ತಿಂಗಳು ಎಂದರೆ ಹೆರಿಗೆ ಆಗಸ್ಟ್ ಕೊನೆಯ ಹೊತ್ತಿಗೆ. ನಮ್ಮಲ್ಲಿ ಫ್ಲೂ ಜೋರಾಗಿ ಓಡಾಡುವುದೇ ಆಗ. ಆರು ತಿಂಗಳು ತುಂಬದ ಮಗುವಿಗೆ ಕೊಡುವ ಫ್ಲೂ ಲಸಿಕೆ ಇಲ್ಲ. ಈಗ ನೀವು ಹಾಕಿಸಿಕೊಂಡರೆ ನಿಮ್ಮ ಮೈಯಲ್ಲಿ ಹುಟ್ಟುವ ರಕ್ಷಣೆ ಹೊಟ್ಟೆಯಲ್ಲಿರುವ ಮಗುವಿಗೂ ದಾಟುತ್ತದೆ, ಹುಟ್ಟಿದ ಮೇಲೆ ಕೆಲವು ತಿಂಗಳು ಕಾಯುತ್ತದೆ. 1,800 ರೂಪಾಯಿಯಲ್ಲಿ ಎರಡು ಜೀವ. ಇದು ಸತ್ತ ವೈರಸ್ಸಿನಿಂದ ಮಾಡಿದ ಲಸಿಕೆ, ಬಸುರಿಯರಿಗೆ ಕೊಡುವ ಅನುಭವ ಜಗತ್ತಿಗೆ ಬೇಕಾದಷ್ಟಿದೆ. ನಿಮ್ಮನ್ನು ನೋಡುವ ಹೆರಿಗೆ ಡಾಕ್ಟರಿಗೆ ಒಂದು ಮಾತು ತಿಳಿಸಿ, ಕಾರ್ಡಿನಲ್ಲಿ ಬರೆಸಿಕೊಳ್ಳಿ.

ನಿಮ್ಮ ಜತೆಗೇ ಮಾವ. ಫ್ಲೂ ಅಂದರೆ ಮೂಗು ಸೋರುವುದು, ಮೈಕೈ ನೋವು ಅಂತ ಮಾತ್ರ ನಮಗೆ ಗೊತ್ತು. ಅದು ಹೃದಯಕ್ಕೂ ಪೆಟ್ಟು ಕೊಡುತ್ತದೆ. ಕೆನಡಾದ ಒಂಟಾರಿಯೋದಲ್ಲಿ ಮಾಡಿದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಪರೀಕ್ಷೆಯಲ್ಲಿ ಫ್ಲೂ ಎಂದು ಖಚಿತವಾದ ಮೊದಲ ಒಂದು ವಾರದಲ್ಲಿ ಹೃದಯಾಘಾತದ ಸಂಭವ ಮಾಮೂಲಿಗಿಂತ ಸುಮಾರು ಆರು ಪಟ್ಟು ಹೆಚ್ಚಿತ್ತು. ಸ್ಟೆಂಟ್ ಇರುವವರು ಈ ಅಂಕಿ ನೆನಪಿಡಬೇಕು. ಮಾವ ರಕ್ತ ತೆಳು ಮಾಡುವ ಮಾತ್ರೆ ತಿನ್ನುತ್ತಿರಬಹುದು. ಅದನ್ನು ನಿಲ್ಲಿಸುವುದು ಬೇಡ. ಸೂಜಿ ಹಾಕಿದ ಜಾಗವನ್ನು ಉಜ್ಜದೆ ಕೆಲವು ನಿಮಿಷ ಒತ್ತಿ ಹಿಡಿದರೆ ಸಾಕು.

ಮುಂದಿನ ಸಂಬಳಕ್ಕೆ ಅತ್ತೆ. ಶುಗರ್ ಇದ್ದವರಿಗೆ ಜ್ವರ ಬಂದರೆ ಶುಗರ್ ಏರುಪೇರಾಗುತ್ತದೆ. ಊಟ ಸೇರುವುದಿಲ್ಲ, ಮಾತ್ರೆ ತಪ್ಪುತ್ತದೆ, ಕೊನೆಗೆ ಅಡ್ಮಿಟ್. ಅತ್ತೆಯ ಬೆನ್ನಿಗೇ ಮಗ. ಅವನದು ಸ್ವಲ್ಪ ದುಬಾರಿ. ಎಂಟು ವರ್ಷದವರೆಗಿನ ಮಕ್ಕಳಿಗೆ ಮೊದಲ ಸಲ ಹಾಕಿಸುವಾಗ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್ ಬೇಕು. ಮುಂದಿನ ವರ್ಷದಿಂದ ಒಂದೇ ಸಾಕು. ಅಂಗನವಾಡಿಗೋ ನರ್ಸರಿಗೋ ಹೋಗುತ್ತಿದ್ದರೆ ಅವನನ್ನು ಜಾಸ್ತಿ ಮುಂದೆ ದೂಡಬೇಡಿ. ಮಕ್ಕಳು ಮನೆಗೆ ತರುವಷ್ಟು ಫ್ಲೂ ದೊಡ್ಡವರು ತರುವುದಿಲ್ಲ.

ಗಂಡ ಕೊನೆಗೆ. ಅವರಿಗೆ ಬೇಡ ಎಂದಲ್ಲ. ದಿನಾ ಸಿಟಿ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ ಬರುವವರಾದರೆ ಅವರೂ ಮನೆಗೆ ತರುವವರೇ. ದುಡ್ಡಾದಾಗ ಹಾಕಿಸಲಿ. ಅಲ್ಲಿಯವರೆಗೆ ಮನೆಗೆ ಬಂದ ಕೂಡಲೇ ಕೈ ತೊಳೆಯಲಿ. ಶೀತ ಶುರುವಾದರೆ ಚಾವಡಿಯಲ್ಲಿ ಮಲಗಲಿ.

ಒಂದು ಮಾತು ನಿಮಗೇ. ಲಸಿಕೆ ಹಾಕಿಸಿಕೊಂಡ ಮೇಲೂ ಜ್ವರ ಕೆಮ್ಮು ಬಂದರೆ ಕಷಾಯ ಕುಡಿದು ಎರಡು ದಿನ ನೋಡುವ ಅಂತ ಕೂರಬೇಡಿ. ಫ್ಲೂಗೆ ಒಸೆಲ್ಟಾಮಿವಿರ್ ಎಂಬ ಮಾತ್ರೆ ಇದೆ. ಮೊದಲ 48 ಗಂಟೆಯೊಳಗೆ ಶುರು ಮಾಡಿದರೆ ಅದರ ಗುಣ ಜಾಸ್ತಿ. ಬೇಕೋ ಬೇಡವೋ ಡಾಕ್ಟರು ಹೇಳುತ್ತಾರೆ, ನೀವು ಬೇಗ ಹೋಗಿ ಅಷ್ಟೆ.

ಪ್ರಶ್ನೆ: ಮಂಗಳೂರಿನ ಕದ್ರಿಯಲ್ಲಿದ್ದೇನೆ, ಬ್ಯಾಂಕ್ ಕೆಲಸ. ಹೋದ ವರ್ಷ ಈ ಸೂಜಿ ಹಾಕಿಸಿದೆ. ಆದರೂ ಜುಲೈಯಲ್ಲಿ ಎಂಟು ದಿನ ಜ್ವರದಲ್ಲಿ ಮಲಗಿದೆ. ಮತ್ತೆ ಯಾಕೆ ದುಡ್ಡು ದಂಡ ಮಾರಾಯ್ರೆ?

ಉತ್ತರ: ಯಾವ ಜ್ವರ ಮಾರಾಯ್ರೆ? ಅದನ್ನು ನೀವು ಬರೆಯಲೇ ಇಲ್ಲ. ಮಂಗಳೂರಿನ ಮಳೆಗಾಲದಲ್ಲಿ ಜ್ವರ ಅಂದರೆ ಡೆಂಗಿ ಇರಬಹುದು, ಇಲಿ ಜ್ವರ ಇರಬಹುದು, ಮಲೇರಿಯಾ ಇರಬಹುದು. ಇವು ಯಾವುದನ್ನೂ ಫ್ಲೂ ಲಸಿಕೆ ತಡೆಯುವುದಿಲ್ಲ. ಮಾಮೂಲಿ ಶೀತ ತರುವ ಬೇರೆ ವೈರಸ್‌ಗಳನ್ನೂ ತಡೆಯುವುದಿಲ್ಲ. ಜ್ವರ ಎರಡು ದಿನ ದಾಟಿದರೆ ರಕ್ತ ಪರೀಕ್ಷೆ ಮಾಡಿಸಿ. ಲಸಿಕೆ ಆಗಿದೆ ಅಂತ ಹೇಳಿ ಇದನ್ನು ತಪ್ಪಿಸಿಕೊಳ್ಳುವವರನ್ನು ನಾನು ಪ್ರತಿ ಮಳೆಗಾಲ ನೋಡುತ್ತೇನೆ.

ಇನ್ನು ಅದು ಫ್ಲೂವೇ ಆಗಿತ್ತು ಅಂದುಕೊಳ್ಳೋಣ. ಲಸಿಕೆಗೂ ವೈರಸ್ಸಿಗೂ ಚೆನ್ನಾಗಿ ಹೊಂದಿಕೆಯಾದ ವರ್ಷದಲ್ಲೂ ಈ ಲಸಿಕೆ ನೂರಕ್ಕೆ 40ರಿಂದ 60ರಷ್ಟು ಮಾತ್ರ ತಡೆಯುತ್ತದೆ. ದಡಾರದ ಲಸಿಕೆಯಂತೆ ಗಟ್ಟಿ ಅಲ್ಲ. ಇದನ್ನು ಮುಚ್ಚಿಟ್ಟು ಮಾರುವವರ ಮೇಲೆ ನನಗೆ ಕೋಪವಿದೆ. ಆದರೆ ಹಾಕಿಸಿಕೊಂಡವರಿಗೆ ಫ್ಲೂ ಬಂದರೂ ಐಸಿಯುವರೆಗೆ ಹೋಗುವ ಸಂಭವ ಕಡಿಮೆ. ನಾನು ಪ್ರತಿ ಮೇ ತಿಂಗಳಲ್ಲಿ ತೋಳು ಚಾಚುವುದು ಆ ಲಾಭಕ್ಕಾಗಿ.

ಪ್ರತಿ ವರ್ಷ ಯಾಕೆ ಅಂದರೆ ಫ್ಲೂ ವೈರಸ್ ರೂಪ ಬದಲಿಸುತ್ತಲೇ ಇರುತ್ತದೆ. ಅದರ ಮೇಲೆ ಹಿಂದಿನ ಸೂಜಿಯ ಶಕ್ತಿಯೂ ತಿಂಗಳು ಕಳೆದಂತೆ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ವರ್ಷಕ್ಕೆ ಎರಡು ಸಲ, ಫೆಬ್ರವರಿಯಲ್ಲಿ ಮತ್ತು ಸೆಪ್ಟೆಂಬರಿನಲ್ಲಿ, ಕುಳಿತು ಮುಂದಿನ ಲಸಿಕೆಯಲ್ಲಿ ಯಾವ ತಳಿ ಹಾಕಬೇಕು ಎಂದು ತೀರ್ಮಾನಿಸುತ್ತಾರೆ. ಎಚ್1ಎನ್1, ಎಚ್3ಎನ್2, ಬಿ ಗುಂಪಿನ ವಿಕ್ಟೋರಿಯಾ ಈಗ ಅದರಲ್ಲಿವೆ. ಬಿ ಗುಂಪಿನದೇ ಯಮಗಾಟ ಎಂಬ ಇನ್ನೊಂದಿತ್ತು. ಕೋವಿಡ್ ಶುರುವಾದ 2020ರ ಮಾರ್ಚ್ ನಂತರ ಅದು ಎಲ್ಲಿಯೂ ಖಚಿತವಾಗಿ ಸಿಕ್ಕಿಲ್ಲ. ಹಾಗಾಗಿ "ನಾಲ್ಕರದ್ದು ಸಿಗಲಿಲ್ಲ, ಮೂರರದ್ದು ಕೊಟ್ಟರು" ಎಂದು ಬೇಜಾರು ಬೇಡ. 2009ರಲ್ಲಿ ನಾವೆಲ್ಲ ಹೆದರಿ ನಡುಗಿದ ಹಂದಿ ಜ್ವರವೂ ಈ ಎಚ್1ಎನ್1 ಬಳಗದ್ದೇ. ಅದೀಗ ಪ್ರತಿ ವರ್ಷ ಬರುವ ಮಾಮೂಲಿ ಫ್ಲೂ ಆಗಿಬಿಟ್ಟಿದೆ. ಅದಕ್ಕೆ ಬೇರೆ ಸೂಜಿ ಬೇಡ.

ಪ್ರಶ್ನೆ: ಮಲ್ಪೆಯಲ್ಲಿ ನಮ್ಮದೊಂದು ಆಳಸಮುದ್ರದ ಬೋಟ್ ಇದೆ. ತಾಂಡೇಲ (ಬೋಟು ನಡೆಸುವವ) ಸೇರಿ ಎಂಟು ಜನ. ಒಮ್ಮೆ ಹೋದರೆ ಹತ್ತು ದಿನ. ಒಬ್ಬನಿಗೆ ಜ್ವರ ಬಂದರೆ ಎಲ್ಲರಿಗೂ ಬರ್ತದೆ. ಎಲ್ಲರಿಗೂ ಲಸಿಕೆ ಹಾಕಿಸುವುದು ಕಡ್ಡಾಯವಾ?

ಉತ್ತರ: ಕಡ್ಡಾಯ ಯಾರಿಗೂ ಅಲ್ಲ. ಗಟ್ಟಿಮುಟ್ಟಾದ 25-30ರ ಹುಡುಗರು ಮೊದಲ ಸಾಲಿನವರೂ ಅಲ್ಲ. ಅವರಿಗೆ ಫ್ಲೂ ಬಂದರೆ ಐದಾರು ದಿನ ನರಳಿ ಏಳುತ್ತಾರೆ. ಆದರೆ ನಿಮ್ಮ ಬೋಟಿನ ಕ್ಯಾಬಿನ್ ಎಷ್ಟು ದೊಡ್ಡದಿರುತ್ತದೆ ಅಂತ ಬಂದರಿನಲ್ಲಿ ನೋಡಿದ್ದೇನೆ. ಒಬ್ಬನ ತಲೆಯ ಹತ್ತಿರ ಇನ್ನೊಬ್ಬನ ಕಾಲು. ಮಳೆ ಬಂದರೆ ಕಿಟಕಿಯೂ ಮುಚ್ಚಿ. ಅಲ್ಲಿ ಒಬ್ಬ ಕೆಮ್ಮಿದರೆ ಉಳಿದವರು ತಪ್ಪಿಸಿಕೊಳ್ಳಲು ಜಾಗವೇ ಇಲ್ಲ. ಕೈಯಲ್ಲಾದರೆ ಎಂಟೂ ಜನರಿಗೆ ಹಾಕಿಸಿ.

ಆಗದಿದ್ದರೆ ಮೊದಲು ಒಂದು ಕೆಲಸ ಮಾಡಿ. ಎಂಟೂ ಜನರ ಬಿಪಿ, ಶುಗರ್ ನೋಡಿಸಿ. ತಾಂಡೇಲರಿಗೆ ವಯಸ್ಸು ಐವತ್ತು ದಾಟಿರುತ್ತದೆ, ಶುಗರ್ ಇದ್ದರೂ ಗೊತ್ತಿರುವುದಿಲ್ಲ. ಶುಗರ್, ದಮ್ಮು, ಹೃದಯದ ತೊಂದರೆ ಯಾರಿಗಿದೆಯೋ ಅವರಿಗೆ ಬಿಡದೆ ಹಾಕಿಸಿ. ಮೀನುಗಾರಿಕೆ ರಜೆ ಜುಲೈ 31ಕ್ಕೆ ಮುಗಿಯುತ್ತದೆ ಅಲ್ವಾ? ಲಸಿಕೆ ಕೆಲಸ ಮಾಡಲು ಸುಮಾರು ಎರಡು ವಾರ ಬೇಕು. ಆದ್ದರಿಂದ ಜುಲೈ ಮಧ್ಯದೊಳಗೆ ಮುಗಿಸಿ. ಬೇರೆ ಊರಿನ ಕಲಾಸಿಗಳು (ಬೋಟಿನ ಕೆಲಸಗಾರರು) ಆಗ ವಾಪಸ್ ಬಂದಿರದಿದ್ದರೆ ಊರಲ್ಲೇ ಹಾಕಿಸಿಕೊಂಡು ಬರಲು ಹೇಳಿ.

ಬೋಟಿನ ಔಷಧಿ ಡಬ್ಬದಲ್ಲಿ ಪ್ಯಾರಾಸಿಟಮಾಲ್ ಇರಲಿ. ಆಂಟಿಬಯೋಟಿಕ್ ಹಾಕಿಡಬೇಡಿ. ಅದು ವೈರಸ್ಸಿಗೆ ನಾಟುವುದಿಲ್ಲ. ಯಾರಿಗಾದರೂ ಉಸಿರು ಕಟ್ಟಿದರೆ, ಮಾತು ತೊದಲಿದರೆ ಬಲೆ ಎಳೆದು ದಡಕ್ಕೆ ಬನ್ನಿ.

ಪ್ರಶ್ನೆ: ನಾನು ಮಣಿಪಾಲದಲ್ಲಿ ಒಬ್ಬರ ಮನೆಯಲ್ಲಿ ಹೋಂ ನರ್ಸ್. 27 ವರ್ಷ, ಆರೋಗ್ಯ ಚೆನ್ನಾಗಿದೆ. 83ರ ಅಜ್ಜಿಗೆ ಪಾರ್ಶ್ವವಾಯು, ಹಾಸಿಗೆಯಲ್ಲೇ ಇದ್ದಾರೆ. ಅವರಿಗೆ ಮನೆಯವರು ಲಸಿಕೆ ಹಾಕಿಸಿದ್ದಾರೆ. ನನಗೂ ಬೇಕಾ? ಕೇಳಲು ಸಂಕೋಚ.

ಉತ್ತರ: ಬೇಕು ತಂಗಿ. ಬೇಕೇ ಬೇಕು. ಅಜ್ಜಿಗಿಂತ ಹಿಂದೆ ಅಲ್ಲ, ಅವರ ಜತೆಗೇ ಆಗಬೇಕಿತ್ತು. ಎಂಬತ್ತು ದಾಟಿದ ಮೈ ಲಸಿಕೆಗೆ ಅಷ್ಟೊಂದು ಸ್ಪಂದಿಸುವುದಿಲ್ಲ. ಹಾಗಾಗಿ ಅವರಿಗೆ ಗಂಜಿ ತಿನ್ನಿಸುವವರು, ಮಗ್ಗುಲು ಬದಲಿಸುವವರು, ಮುಖ ಒರೆಸುವವರು ಫ್ಲೂ ತರದೆ ಇರುವುದು ಮುಖ್ಯ. ದಿನಕ್ಕೆ ಹತ್ತು ಸಲ ಅವರ ಮುಖದ ಹತ್ತಿರ ಬಗ್ಗುವವಳು ನೀನು. ಅಮೆರಿಕದಲ್ಲಿ ಮಗನಿದ್ದರೆ ಅವನಲ್ಲ.

ಆಸ್ಪತ್ರೆಯ ಬಾಯಮ್ಮಂದಿರಿಗೆ, ಡಾಕ್ಟರುಗಳಿಗೆ ಹೇಳುವ ನಿಯಮವೇ ನಿನಗೂ ಸಲ್ಲುತ್ತದೆ. ಖರ್ಚು ಮನೆಯವರೇ ಕೊಡಬೇಕು ಎಂದು ನನ್ನ ಅಭಿಪ್ರಾಯ. ಸಂಕೋಚವಾದರೆ ಈ ಪುಟ ಹರಿದು ಅಜ್ಜಿಯ ಮಾತ್ರೆ ಡಬ್ಬದ ಪಕ್ಕ ಇಡು. ಓದುತ್ತಾರೆ.

ಪ್ರಶ್ನೆ: ನಲವತ್ತು ವರ್ಷ ಬೀಡಿ ಕಟ್ಟಿದವಳು ನಾನು, ಬಂಟ್ವಾಳದ ಕಡೆ. ದಮ್ಮು ಇದೆ, ಇನ್ಹೇಲರ್ ಎಳೆಯುತ್ತೇನೆ. ಸೂಜಿ ಹಾಕಿದರೆ ದಮ್ಮು ಜಾಸ್ತಿ ಆಗ್ತದೆ ಅಂತ ಪಕ್ಕದ ಮನೆಯವರು ಹೆದರಿಸಿದ್ದಾರೆ.

ಉತ್ತರ: ಪಕ್ಕದ ಮನೆಯವರಿಗೆ ಹೇಳಿ, ದಮ್ಮು ಜಾಸ್ತಿ ಮಾಡುವುದು ಫ್ಲೂ, ಸೂಜಿ ಅಲ್ಲ. ತೋಳಿಗೆ ಹಾಕುವ ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ, ಹಾಗಾಗಿ ಅದರಿಂದ ಫ್ಲೂ ಬರುವುದಿಲ್ಲ. ಒಂದೆರಡು ದಿನ ತೋಳು ನೋಯಬಹುದು, ಮೈ ಬಿಸಿಯಾಗಬಹುದು. ನೀವು ಮೊದಲ ಸಾಲಿನವರು. ಮೂಗಿಗೆ ಸಿಂಪಡಿಸುವ ಜೀವಂತ ಲಸಿಕೆ ಎಂಬ ಇನ್ನೊಂದು ಬಗೆ ಇದೆ, ದಮ್ಮು ಇರುವ ನಿಮಗೆ ಅದು ಬೇಡ. ಇನ್ಹೇಲರ್ ಯಾವತ್ತಿನಂತೆ ಎಳೆಯಿರಿ. ಬೀಡಿ ಮೊರದ ಮುಂದೆ ಕೂರುವಾಗ ಕಿಟಕಿ ತೆರೆದಿಡಿ. ನ್ಯುಮೋನಿಯಾದ ಲಸಿಕೆ ಬೇರೆಯೇ ಇದೆ, ಅದನ್ನೂ ನಿಮ್ಮ ಡಾಕ್ಟರ ಹತ್ತಿರ ಕೇಳಿ.

ಪ್ರಶ್ನೆ: ಆಟಿ (ಆಷಾಢ) ಅಮಾವಾಸ್ಯೆಗೆ ಪಾಲೆ ಮರದ ಕೆತ್ತೆಯ (ತೊಗಟೆಯ) ಕಷಾಯ ಕುಡಿದರೆ ವರ್ಷ ಪೂರ್ತಿ ರೋಗ ಬರುವುದಿಲ್ಲ ಎಂದು ನಮ್ಮ ಹಿರಿಯರ ನಂಬಿಕೆ. ಮತ್ತೆ ಈ ಲಸಿಕೆ ಯಾಕೆ?

ಉತ್ತರ: ನಮ್ಮ ಮನೆಯಲ್ಲೂ ಕುಡಿಯುತ್ತೇವೆ. ಬೆಳಕು ಹರಿಯುವ ಮೊದಲು ಕಲ್ಲಿನಲ್ಲಿ ಜಜ್ಜಿ ತಂದ ಕೆತ್ತೆ, ಕರಿಮೆಣಸು, ಬೆಳ್ಳುಳ್ಳಿ, ಓಮ. ಒಂದು ಗುಟುಕಿಗೇ ಮುಖ ಕಿವುಚುತ್ತದೆ. ಮೇಲಿಂದ ಮೆಂತೆ ಗಂಜಿ. ಅದು ಬಿಟ್ಟರೆ ಆಟಿ ಆಟಿಯಾಗಿ ಉಳಿಯುವುದಿಲ್ಲ, ಬಿಡಿ ಎಂದು ನಾನು ಹೇಳಲಾರೆ. ಆದರೆ ಅದು ಫ್ಲೂ ತಡೆಯುವುದಿಲ್ಲ. ಕಷಾಯ ಕುಡಿಯುವವರು ಲಸಿಕೆಯನ್ನೂ ಹಾಕಿಸಿಕೊಳ್ಳಬಹುದು, ಎರಡಕ್ಕೂ ಜಗಳವಿಲ್ಲ.

ಒಂದು ಎಚ್ಚರಿಕೆ ಮಾತ್ರ. ಮರ ಗೊತ್ತಿರುವವರೇ ಕೆತ್ತೆ ತರಲಿ. ಕತ್ತಲಲ್ಲಿ ಪಾಲೆ ಅಂದುಕೊಂಡು ಕಾಸರಕದ ಕೆತ್ತೆ ತಂದು ಆಸ್ಪತ್ರೆ ಸೇರಿದವರಿದ್ದಾರೆ. ಅದು ಕಡುವಿಷ. ಹಿಂದಿನ ದಿನ ಹಗಲಲ್ಲೇ ಮರ ನೋಡಿ ಗುರುತು ಮಾಡಿ ಬನ್ನಿ. ಪುಟ್ಟ ಮಕ್ಕಳಿಗೆ, ಬಸುರಿಯರಿಗೆ ಆ ಕಷಾಯ ಬೇಡ.

ಪ್ರಶ್ನೆ: ಮಗಳಿಗೆ ಪೆಂಟಾವೇಲೆಂಟ್ (ಐದು ರೋಗಕ್ಕೆ ಒಂದೇ ಸೂಜಿ) ಆಗಿದೆ. ಅದರಲ್ಲಿ ಇನ್‌ಫ್ಲುಯೆಂಜಾ ಅಂತ ಒಂದು ಇದೆಯಂತೆ. ಮತ್ತೆ ಹಾಕಿಸಬೇಕಾ? ಅವಳಿಗೆ ಮೊಟ್ಟೆ ತಿಂದರೆ ಮೈಯೆಲ್ಲ ದದ್ದು ಏಳುತ್ತದೆ.

ಉತ್ತರ: ಪೆಂಟಾವೇಲೆಂಟಿನಲ್ಲಿ ಇರುವುದು ಹಿಬ್ (ಹಿಮೋಫಿಲಸ್ ಇನ್‌ಫ್ಲುಯೆಂಜೆ ಬಿ) ಎಂಬ ಬ್ಯಾಕ್ಟೀರಿಯಾದ ಲಸಿಕೆ. ಅದು ಮಿದುಳಿನ ಜ್ವರ, ನ್ಯುಮೋನಿಯಾ ತಡೆಯಲು. ಹೆಸರು ಹತ್ತಿರ ಇದೆ ಅಷ್ಟೆ, ಫ್ಲೂ ವೈರಸ್ಸಿಗೂ ಅದಕ್ಕೂ ಸಂಬಂಧವಿಲ್ಲ. ಹಾಗಾಗಿ ಫ್ಲೂದು ಬೇರೆಯೇ ಹಾಕಿಸಬೇಕು. ಭಾರತೀಯ ಮಕ್ಕಳ ತಜ್ಞರ ಸಂಘವೂ ಆರು ತಿಂಗಳು ತುಂಬಿದ ಮೇಲೆ ಶುರು ಮಾಡಿ ಐದು ವರ್ಷದವರೆಗೆ ಪ್ರತಿ ವರ್ಷ ಹಾಕಿಸಿ ಎನ್ನುತ್ತದೆ.

ಮೊಟ್ಟೆಯ ಅಲರ್ಜಿಗೆ ಮೊದಲೆಲ್ಲ ತುಂಬ ಹೆದರುತ್ತಿದ್ದೆವು, ಯಾಕೆಂದರೆ ಹೆಚ್ಚಿನ ಫ್ಲೂ ಲಸಿಕೆ ಮಾಡುವುದು ಕೋಳಿಮೊಟ್ಟೆಯಲ್ಲಿ. ಈಗ ಆ ಹೆದರಿಕೆ ಬೇಡ ಎಂದು ಗೊತ್ತಾಗಿದೆ. ಡಾಕ್ಟರಿಗೆ ಮೊದಲೇ ತಿಳಿಸಿ. ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತು ಮನೆಗೆ ಹೋಗಿ. ಹಾಕಲೇಬಾರದು ಎಂದಿರುವುದು ಕೆಲವರಿಗೆ ಮಾತ್ರ: ಆರು ತಿಂಗಳು ತುಂಬದ ಮಕ್ಕಳು, ಹಿಂದೆ ಇದೇ ಲಸಿಕೆಗೆ ಉಸಿರು ಕಟ್ಟುವಂಥ ಅಲರ್ಜಿ ಆದವರು. ಹಿಂದಿನ ಡೋಸ್ ಆದ ಆರು ವಾರದೊಳಗೆ ಗಿಲೆನ್-ಬಾರೆ ಎಂಬ ನರದ ಕಾಯಿಲೆ ಬಂದವರು ಡಾಕ್ಟರ ಹತ್ತಿರ ಕೂತು ಮಾತಾಡಿಯೇ ಮುಂದುವರಿಯಬೇಕು. ಜೋರು ಜ್ವರ ಇದ್ದರೆ ಇಳಿದ ಮೇಲೆ ಹಾಕಿಸಿ.

ಪ್ರಶ್ನೆ: ಮೆಡಿಕಲ್ ಶಾಪಿನಿಂದ ಲಸಿಕೆ ತಂದು ಮನೆಯ ಫ್ರಿಜ್ಜಿನಲ್ಲಿಟ್ಟು ಪುರುಸೊತ್ತಿನಲ್ಲಿ ಹಾಕಿಸಬಹುದಾ?

ಉತ್ತರ: ಬೇಡ. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಇರಬೇಕು. ಗಾಳಿಮಳೆಗೆ ಕರೆಂಟ್ ಹೋದರೆ ನಮ್ಮಲ್ಲಿ ಯಾವಾಗ ಬರುತ್ತದೆ ಎಂದು ಮೆಸ್ಕಾಂನವರಿಗೂ ಗೊತ್ತಿರುವುದಿಲ್ಲ. ಮನೆ ಫ್ರಿಜ್ಜಿನ ಬಾಗಿಲಲ್ಲಿಟ್ಟರೆ ಬಿಸಿ, ಹಿಂದೆ ತಾಗಿಸಿಟ್ಟರೆ ಹೆಪ್ಪು. ಹೆಪ್ಪುಗಟ್ಟಿದ ಲಸಿಕೆ ಎಸೆಯುವುದೇ. ಹಾಕುವ ಕ್ಲಿನಿಕ್ಕಿನಲ್ಲೇ ತೆಗೆದುಕೊಳ್ಳಿ. ಅಂಗಡಿಯಿಂದಲೇ ತರಬೇಕಾದರೆ ಐಸ್‌ಪ್ಯಾಕಿಗೆ ನೇರ ತಾಗದ ಹಾಗೆ ನಡುವೆ ಬಟ್ಟೆ ಇಟ್ಟು, ಕೂಡಲೇ ಹಾಕಿಸಿ. ಪೆಟ್ಟಿಗೆಯ ಮೇಲೆ ಯಾವ ವರ್ಷದ ತಳಿ ಎಂದು ಬರೆದಿರುತ್ತದೆ, ಕೊನೆಯ ದಿನಾಂಕವೂ ಇರುತ್ತದೆ. ಎರಡನ್ನೂ ಓದಿದ ಮೇಲೆ ತೋಳು ಕೊಡಿ. ಹೋದ ವರ್ಷದ ಉಳಿಕೆಯನ್ನು ಕಡಿಮೆ ಬೆಲೆಗೆ ಕೊಟ್ಟರೂ ಬೇಡ.

ಪ್ರಶ್ನೆ: ಮಳೆ ಶುರುವಾದ ಮೇಲೆ ಹಾಕಿಸಿದರೆ ಪ್ರಯೋಜನ ಇದೆಯಾ?

ಉತ್ತರ: ಇದೆ. ಮಳೆಗೆ ಎರಡು ಮೂರು ವಾರ ಮೊದಲು ಆದರೆ ಒಳ್ಳೆಯದು. ತಪ್ಪಿದರೆ ಜೂನ್, ಜುಲೈಯಲ್ಲಾದರೂ ಹಾಕಿಸಿ. ನಮ್ಮ ಕರಾವಳಿಯ ಫ್ಲೂ ಚೌತಿ ಮುಗಿದ ಮೇಲೂ ಇರುತ್ತದೆ.

ಪ್ರಶ್ನೆ: ಸೂಜಿ ಹಾಕಿಸಿದ ದಿನ ಮೀನು ತಿನ್ನಬಹುದಾ? ನಂಜು ಆಗುವುದಿಲ್ಲವಾ? – ಕಾಪುವಿನ ಓದುಗರು

ಉತ್ತರ: ತಿನ್ನಿ. ಯಾವ ಪಥ್ಯವೂ ಇಲ್ಲ. ಜೂನ್ ಒಂದರ ಮೇಲೆ ಬಂಗುಡೆಯ ರೇಟು ಕೇಳಿದರೇ ಜ್ವರ ಬರುತ್ತದೆ, ಈ ವಾರವೇ ತಿಂದುಬಿಡಿ.